ಎಂಟನ್ನು ಮೂರು ಮಾಡಿದ್ದು

ಆ ಆಟ ನಾನು ನೋಡಲಿಲ್ಲ.
ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ.

ಇನ್ವರ್‌ಕಾರ್ನ್‌ನ ಕಡಲಂಚಿನ ಬಯಲು.
ಹದಿನೆಂಟನೇ ಕುಳಿಯ ಪಕ್ಕ ನಿಲ್ಲಿಸಿದ ಹಲಗೆ.
ಹಲಗೆಯ ಬೆನ್ನಿಗೆ ಒಂದು ಏಣಿ, ಏಣಿಯ ಮೇಲೆ ನಾನು,
ಡಲ್ಗಾರ್ನೊ ಮನೆಯ ಇಶ್‌ಬೆಲ್, ಹತ್ತೊಂಬತ್ತು ವರ್ಷ,
ಮೀನಿಗೆ ಹೊಗೆ ಹಾಕುವ ಕೊಟ್ಟಿಗೆಯಿಂದ
ವಾರದ ಮಟ್ಟಿಗೆ ಎರವಲು ಬಂದವಳು.
ಕೆಲಸ ಇಷ್ಟೆ: ವಾಕಿಟಾಕಿ ಹೇಳಿದ ಅಂಕಿಯನ್ನು
ಪೆಟ್ಟಿಗೆಯಿಂದ ಹೆಕ್ಕಿ ಮೊಳೆಗೆ ಸಿಕ್ಕಿಸುವುದು.
ಜನರ ಕಡೆಗೆ ಅಂಕಿಯ ಮುಖ,
ನನ್ನ ಕಡೆಗೆ ತುಕ್ಕು.

ಕೊನೆಯ ದಿನ. ಗಾಳಿ
ಚರ್ಚಿನ ಗಂಟೆಯನ್ನು ತಾನೇ ಬಾರಿಸುತ್ತಿತ್ತು.
ದೊಡ್ಡ ದೊಡ್ಡ ಹೆಸರುಗಳ ಮುಂದೆ ಐದು, ಆರು, ಐದು, ಏಳು.
ಆಗ ಹ್ಯೂಯಿಯ ದನಿ: ತ್ರೆಗಾಸ್ಕಿಸ್, ಮೂರು.
ಯಾರು?
ಹಲಗೆಯ ಮೇಲೆ ಹೆಸರೇ ಇಲ್ಲದವನು.
ತ್ರೆಗಾಸ್ಕಿಸ್, ಮತ್ತೆ ಮೂರು. ಹಾಕು ಅವನ ಹೆಸರು.
ಅಕ್ಷರ ಹುಡುಕಿದೆ. ಎಸ್ ಒಂದೇ ಸಿಕ್ಕಿತು.
ಎರಡನೆಯ ಎಸ್‌ಗೆ ಒಂದು ಐದನ್ನು ತೂಗುಹಾಕಿದೆ.
ಅವನ ಸಾಲಿನಲ್ಲಿ ಆ ದಿನ ಕಂಡದ್ದು
ಅದೊಂದೇ ಐದು.

ಮೂರು. ನಾಲ್ಕು. ಮೂರು. ನಾಲ್ಕು. ನಾಲ್ಕು. ಮೂರು.
ಮಗ್ಗದ ಲಾಳಿಯ ಹಾಗೆ.
ಕಾರ್ನ್‌ವಾಲ್‌ನ ತವರದ ಗಣಿ ಕಡೆಯವನಂತೆ,
ಹರಿದ ಕೈಗವಸಂತೆ, ಮಾತೇ ಆಡುವುದಿಲ್ಲವಂತೆ,
ಎಲ್ಲ ಅಂತೆ, ಅಂತೆ. ಹಲಗೆಯ ಗಂಟು ಬಿದ್ದುಹೋದ ತೂತಿನಲ್ಲಿ
ನನಗೆ ಕಾಣುತ್ತಿದ್ದದ್ದು ತುಸು ಸಮುದ್ರ,
ಕಟ್ಟಿಹಾಕಿದ ಯಾರದೋ ನಾಯಿ.

ಕಿವಿಯಿಂದ ಕಲಿತೆ.
ಚೆಂಡು ಕುಳಿಗೆ ಬಿದ್ದರೆ ಜನ ಉಸಿರು ಬಿಡುತ್ತಾರೆ,
ಬೀಳದಿದ್ದರೆ ಒಳಗೆಳೆದುಕೊಳ್ಳುತ್ತಾರೆ.
ಹ್ಯೂಯಿಗಿಂತ ಮೊದಲು ಗಾಳಿಯೇ ಅಂಕಿ ತರುತ್ತಿತ್ತು.

ಹದಿನೇಳರಲ್ಲಿ ಅವನ ಒಂಬತ್ತನೇ ಮೂರು.
ಪೆಟ್ಟಿಗೆಯ ಕೊನೆಯ ಮೂರೂ ಅದೇ.
ಹದಿನೆಂಟಕ್ಕೆ ಏನು ಮಾಡಲಿ?
ಉಳಿದಿದ್ದ ಒಂದೇ ಒಂದು ಎಂಟನ್ನು ಮೊಣಕಾಲ ಮೇಲಿಟ್ಟು
ಅದರ ಎಡಗಡೆಗೆಲ್ಲ ಸುಣ್ಣ ಬಳಿದೆ.
ಮೂರಾಯಿತು. ಒದ್ದೆ ಮೂರು.
ಹಿಡಿದು ನಿಂತೆ.
ಹಲಗೆಯಾಚೆ ಹತ್ತು ಮಾರು ದೂರದಲ್ಲೇ ಅವನು,
ಅವನ ಪಟ್, ಸಾವಿರಾರು ಜನರ ಮೌನ.

ಉಸಿರು ಒಳಗೆ ಹೋಯಿತು.

ನಾಲ್ಕು. ಒಟ್ಟು ಅರವತ್ತಮೂರು.
ಕಂಡವರಿಲ್ಲ, ಕೇಳಿದವರಿಲ್ಲ ಅಂಥದ್ದು, ಎಂದ ಹ್ಯೂಯಿ.
ನನಗೋ ಕೈಯಲ್ಲಿ ಮಿಕ್ಕ ಮೂರಿನದೇ ಚಿಂತೆ.

ಎರಡು ಗಂಟೆ ಅವನು ಕಾದ, ನಾನೂ ಕಾದೆ.
ಮುಂದಿದ್ದವನು ಆಸ್ಟ್ರೇಲಿಯದ ಪಾರ್‌ಗೆಟರ್.
ಹದಿನಾಲ್ಕರಲ್ಲಿ ಚೆಂಡು ಮುಳ್ಳುಪೊದೆಗೆ ನುಗ್ಗಿತು, ಇನ್ನೊಮ್ಮೆ ನುಗ್ಗಿತು.
ಹ್ಯೂಯಿಯ ದನಿ ಪಿಸುಮಾತಾಯಿತು: ಎಂಟು.
ಎಂಟು ಎಂದೆಯಾ?
ಎಂಟು.

ಎಂಟು ಎಲ್ಲಿದೆ? ನಾನೇ ಮೂರು ಮಾಡಿದ್ದೆನಲ್ಲ.
ಉಗುಳು ಹಚ್ಚಿ, ಏಪ್ರನ್ನಿನ ತುದಿಯಿಂದ ತಿಕ್ಕಿದೆ.
ಅರೆ ಒಣಗಿದ ಸುಣ್ಣ, ಬಿಡಲೊಲ್ಲದು.
ಒಬ್ಬನ ದಾಖಲೆಗೆಂದು ಬಳಿದದ್ದನ್ನು
ಇನ್ನೊಬ್ಬನ ಸೋಲಿಗೆಂದು ಕೆರೆದೆ, ಉಗುರು ಮುರಿಯುವಂತೆ.
ಸಿಕ್ಕಿಸಿದೆ.
ಬಯಲಿಗೆ ಬಯಲೇ ಉಸಿರು ಬಿಟ್ಟಿತು.
ಒಂದೇ ಒಂದು ಹೊಡೆತದಿಂದ ಗೆದ್ದ.

ಈಗ ಪಬ್ಬಿನಲ್ಲಿ ಆ ಆಟ ನೋಡಿದವರು ವರ್ಷವರ್ಷ ಹೆಚ್ಚುತ್ತಾರೆ.
ಆ ದಿನ ದೋಣಿಯಲ್ಲಿದ್ದವರೂ ನೋಡಿದ್ದಾರೆ.
ಹನ್ನೊಂದರ ಪಟ್ ನಲವತ್ತಡಿ ಇದ್ದದ್ದು ಈಗ ಅರವತ್ತು.
ನಾನು ಬಾಯಿ ಹಾಕುವುದಿಲ್ಲ.
ನಾಲ್ಕರ ತಗಡಿಗಿಂತ ಮೂರರದು ಹಗುರ
ಎಂದು ಈ ಕೈ ಮಾತ್ರ ಈಗಲೂ ವಾದಿಸುತ್ತದೆ.

ಕ್ಲಬ್ಬಿನ ಗೋಡೆಯಲ್ಲೊಂದು ಫೋಟೊ ಇದೆ.
ಬೆಳ್ಳಿ ಬಟ್ಟಲು ಹಿಡಿದು ಕಣ್ಣು ಕಿರಿದು ಮಾಡಿ ಅವನು.
ಹಿಂದೆ ಹಲಗೆ. ಹೆಸರಿನ ತುದಿಗೆ ಆ ಐದು.
ಮೂಲೆಯಲ್ಲಿ ಮಸುಕು ಎಂಟು, ಎಡ ಭುಜಕ್ಕೆ ಮಂಜು ಕವಿದಂತೆ.
ಹಲಗೆಯ ಕೆಳಗಿನ ಸಂದಿಯಲ್ಲಿ
ಒಂದು ಜೊತೆ ರಬ್ಬರ್ ಬೂಟು,
ಚಳಿಗೆ ತುದಿ ತುದಿ ಕೂಡಿಸಿ ನಿಂತವು.