ಬಲಗಿವಿ

ಎಡಗಿವಿ ಮಗ್ಗಕ್ಕ ಹೋತು.
ಬನಹಟ್ಟಿ ಪಾವರ್‌ಲೂಮಿನ್ಯಾಗ ಇಪ್ಪತ್ತೆಂಟು ವರ್ಷ
ಖಟಾಕ್ ಖಟಾಕ್,
ಮಾತಂದ್ರ ತುಟಿ ನೋಡಿ ತಿಳಕೊಳ್ಳೂದು.
ಬಲಗಿವಿ ಮಾತ್ರ ಕಾಯ್ದಿಟ್ಟೀನಿ,
ಪಾಳಿ ಇದ್ದಾಗ ಹತ್ತಿ ತುರುಕಿ,
ಲಗ್ನದ ಸೀರಿ ಟ್ರಂಕಿನ್ಯಾಗ ಇಟ್ಟಂಗ,
ಸಣ್ಣಾಟದ ಸಲುವಾಗಿ.

ಇವತ್ತು ಸೊಸೈಟಿ ಹಿಂದಿನ ಬಯಲಾಗ
ಹಾರೂಗೇರಿ ಮೇಳ.
ಲಗಮಣ್ಣ ನಟ್ಟನಡುವ ಜಾಗಾ ಹಿಡದಾನ.
ನಾ ಹೋಗಿ ಎಡಕಿನ ತುದಿಗೆ ಕುಂಡ್ರತೀನಿ,
ಬಲಗಿವಿ ಪೇಟಿ ಮಾಸ್ತರನ ಕಡಿಗಿ.
"ಎಷ್ಟನೇದೋ ಇದು?" ಅಂತಾನ.
ಹತ್ತೊಂಬತ್ತನೇದು. ಹೇಳಂಗಿಲ್ಲ.
ಮನ್ಯಾಗ ನಾಲ್ಕಽ ಅಂತ ಲೆಕ್ಕ.

ಎಲ್ಲಾ ಗೊತ್ತೈತಿ ನನಗ.
ಪೇಟೀದು ಒಂದು ಕರೀಮನಿ ಒತ್ತಿದ್ರ ಮ್ಯಾಲ ಏಳಂಗಿಲ್ಲ.
ದೂತಿ ಪಾತ್ರದಾಂವ ಮಂದಿ ನಗದಿದ್ರ ಮೂಗು ಒರಸತಾನ.
ದಪ್ಪಿನ ಹುಡುಗ ಚಾ ಕುಡದ ಮ್ಯಾಲ ಲಯ ಓಡಸತಾನ.
ಬಿಸಿ ರೊಟ್ಟಿ ತಿನ್ನಾಂವಗ
ನಿನ್ನೀದೂ ರೊಟ್ಟೀನಽ ಇತ್ತಲ್ಲ ಅಂತ
ಯಾರರೆ ಕೇಳತಾರೇನು?

ಹನ್ನೊಂದೂವರಿಗಿ ಬಂದ್ಳು ಶೇವಂತವ್ವ,
ಅರಸ ಬಾರದ ರಾತ್ರಿಯ ಪದಕ್ಕ.
ಇಳಕಲ್ ಸೆರಗು, ಹಣಿ ಮ್ಯಾಲ ಬೆವರು,
ಲೈಟಿನ ಸುತ್ತ ಹುಳ.
ಮೂರು ನುಡಿ ಹಾಡಿದ್ಳು.
ನಾಲ್ಕನೇದಕ್ಕ ನಾ ಉಸಿರು ಹಿಡದೆ.
ಐದನೇದು ಬಂತು.

ಮೂರು ಆಟದಿಂದ ಹಿಂಗಽ.
ಬಲಗಿವೀನೂ ಹೋತು ಅಂದ್ಕೊಂಡಿದ್ದೆ.
ಒಂದು ಎಳಿ ಹರದ್ರ ಅರಿವಿ ತುಂಬ ಸೀಳು ಓಡೂದು
ನೇಕಾರಗ ಯಾರೂ ಕಲಸಬೇಕಿಲ್ಲ;
ಮುಂದಿನ ವರ್ಷ ಇನ್ನೊಂದು ನುಡಿ,
ಆಮ್ಯಾಲ ಪೂರಾ ಪದ.
ಮನ್ಯಾಗ ಹೇಳಿರಲಿಲ್ಲ. ಡಾಕ್ಟರಗೂ.

ಮಂಗಳಾರತಿ ಆದ ಮ್ಯಾಲ ಪರದೆ ಹಿಂದ ಹೋದೆ.
ಟ್ರಂಕಿನ ಮ್ಯಾಲ ಕುಂತು, ಕೊಬ್ಬರಿ ಎಣ್ಣಿ ಹಚ್ಚಿ
ಬಣ್ಣ ತೆಗೀತಿದ್ಳು.
ಅರ್ಧ ರಾಣಿ, ಅರ್ಧ ನಮ್ಮಕ್ಕನ ವಯಸ್ಸಿನಾಕಿ.
ಕೇಳಿದೆ. ದನಿ ಎಷ್ಟು ದೊಡ್ಡದಾತೋ ಏನೋ,
ಪೇಟಿ ಮಾಸ್ತರ ತಿರುಗಿ ನೋಡಿದ.

ನಾ ತಲಿ ವಾಲಿಸಿದ್ದು ಕಂಡು ಬಲಕ್ಕ ಸರದ್ಳು.
"ಅದನ್ನ ಬಿಟ್ಟೀನ್ರಿ," ಅಂದ್ಳು ಸಾವಕಾಶ.
"ಗಾಳಿ ಅನ್ನೂವಾಗ ಉಸಿರು ಮುಟ್ಟೂದಿಲ್ಲ.
ವರ್ಷಾತು. ಯಾರೂ ಕೇಳಿಲ್ಲ."

ಹಂಗಾದ್ರ ನನ್ನ ಕಿವಿ ಸರಿ ಐತಿ!
ಎಷ್ಟು ಖುಷಿ ಆತಂದ್ರ ನಾಚಿಕೀನೂ ಆತು,
ಆಕಿ ಇನ್ನೂ ಗಲ್ಲ ಒರಸಾಕತ್ತಿದ್ಳು.

"ನಿಮಗ ನೆನಪೈತೇನ್ರಿ?"
ನೆನಪೈತಿ. ಹಾಡಾಕ ಬರೂದಿಲ್ಲ.
ಮಗ್ಗದ ಗದ್ದಲದಾಗ ದಿನಾ ಹಾಡೀನಿ,
ಯಾರಿಗೂ ಕೇಳಿಲ್ಲ,
ನನಗೂ ಕೇಳಿಲ್ಲ.

ಪೇಟಿಗೆ ಬೀಗ ಬಿದ್ದಿತ್ತು.
ಟೆಂಪೋದಾಂವ ಹಾರ್ನ್ ಹೊಡೀತಿದ್ದ.
ನಿಂತಲ್ಲೇ ಕಣ್ಣು ಮುಚ್ಚಿ ಅಂದೆ:

ತೆರದಿಟ್ಟ ಬಾಗಿಲದಾಗ ಗಾಳಿ ಬಂದು ಕುಂತೈತಿ,
ಅದಕ ಚಾಪಿ ಹಾಸಲ್ಯೋ, ನಿನಗ ಕಾಯಲ್ಯೋ.

ನಡುವ ದನಿ ಒಡೀತು. ತಪ್ಪಿದ್ದು ನನಗೂ ತಿಳೀತು.
ಶೇವಂತವ್ವ ನಗಲಿಲ್ಲ.
ಎಣ್ಣಿ ಬಟ್ಟಿನಿಂದ ಗಾಳ್ಯಾಗ ಒಂದು ಗೆರಿ ಇಳಿಸಿ,
"ಚಾಪಿ ಇಲ್ಲಿ ಇಳೀತೈತ್ರಿ," ಅಂದ್ಳು,
"ನೀವು ಎತ್ತರಕ ಹಾಸೀರಿ."