ಮಣಕ್ಕೆ ಆರುನೂರ ಅರವತ್ತು ಗ್ರಾಂ ಕಡಿಮೆ

ಲಿಂಗಸುಗೂರಿನ ಬಸ್ಸು ಕೋಟೆಗೆ ಬೆನ್ನು ಹಾಕಿ ನಿಂತಿತು.
ಮುದಗಲ್ಲಿನಲ್ಲಿ ಇಳಿದವರು ಮೂವರೇ: ನಾನು,
ಉಳ್ಳಾಗಡ್ಡಿ ಚೀಲದ ಹೆಂಗಸು,
ನನ್ನ ಮರದ ಪೆಟ್ಟಿಗೆ.
ಪೆಟ್ಟಿಗೆಯನ್ನು ನಾನು ಮನುಷ್ಯರಲ್ಲೇ ಎಣಿಸುತ್ತೇನೆ;
ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಸರಕಾರದ ಹಿತ್ತಾಳೆ ತೂಕಗಳು
ಬಾಣಂತಿ ಕೋಣೆಯ ಕೂಸುಗಳಂತೆ ಮಲಗಿರುತ್ತವೆ,
ಬೆವರಿನ ಬೆರಳು ಸೋಕಿದರೆ ಭಾರ ಬದಲಾಗುವಷ್ಟು ಎಳಸು.

ಬೆಳಗಿನ ಹನ್ನೊಂದಕ್ಕೇ ಊರು ಉಂಡು ಮಲಗಿದಂತಿತ್ತು.
ಖಂದಕದ ಹಸಿರು ನೀರಲ್ಲಿ ಎರಡು ಎಮ್ಮೆ,
ಎಮ್ಮೆಯ ಮೇಲೊಂದು ಕಾಗೆ,
ಬುರುಜಿನ ಮೇಲೆ ಯಾರದೋ ಒಣಗಲು ಹಾಕಿದ ದುಪ್ಪಟಿ.
ಇಷ್ಟು ಮೆತ್ತಗಿನ ಊರಿಗಾಗಿ
ಕೃಷ್ಣೆ ದಾಟಿ ಅವರು, ತುಂಗಭದ್ರೆ ದಾಟಿ ಇವರು
ಅಷ್ಟು ಸಲ ಬಂದರೆ?

ಮೊದಲು ಮೌನೇಶಪ್ಪ ಪತ್ತಾರರ ಅಂಗಡಿ.
ಅಪ್ಪನ ಕಣ್ಣಿಗೆ ಪೊರೆ; ಮಗಳು ಕಾಳಮ್ಮನೇ ತಕ್ಕಡಿಗೆ ಕೂತಿದ್ದಳು.
ಗುಲಗಂಜಿಯ ಡಬ್ಬಿಯನ್ನು ಬಚ್ಚಿಡಲಿಲ್ಲ,
"ಇದು ಲೆಕ್ಕಕ್ಕಲ್ರಿ, ಮುತ್ಯಾನ ನೆಪ್ಪಿಗಿ" ಎಂದಳು.
ಚಿಮಟದಲ್ಲಿ ಹತ್ತು ಮಿಲಿಗ್ರಾಂ ಹಿಡಿದು ಉಸಿರು ಕಟ್ಟಿದೆ;
ಬಿಟ್ಟ ಮೇಲೆ, ಸುಮ್ಮನಿರಲಾರದೆ, ಕೇಳಿದೆ:
ಇದೇ ಊರಿನ ಅಕ್ಕಸಾಲಿಗರ ಹುಡುಗಿಯೊಬ್ಬಳಿಗಾಗಿ
ಹಿಂದೆ ಅರಸರು ಕಾದಾಡಿದರಂತಲ್ಲ?
"ಹಂಗಂತಾರ್ರಿ. ಹೆಸರ ಮಾತ್ರ ಒಬ್ಬೊಬ್ರು ಒಂದೊಂದು ಹೇಳ್ತಾರ.
ಆಕೀನ್ನ ಯಾರ ಕೇಳ್ಯಾರ?
ಬಾಗಲಾ ಮುಂದ ಮಾಡ್ರಿ ಸಾಹೇಬ್ರ, ತಕ್ಕಡಿಗಿ ಗಾಳಿ ತಾಗತದ."
ಮುಂದೆ ಮಾಡಿದೆ.
ಮುಳ್ಳು ನಡುವಿಗೆ ಬಂದು ನಿಂತಿತು.

ಆಮೇಲೆ ಕಿರಾಣಿ, ಕಸಾಯಿ, ಹಳೇ ಪೇಪರು.
ತೂಕದ ತಳದಲ್ಲಿ ಒಂದು ತೂತು, ತೂತಿನಲ್ಲಿ ಸೀಸ,
ಸೀಸದ ಮೇಲೆ ಈ ವರ್ಷದ ಮುದ್ರೆ ಹೊಡೆಯುವುದು ನನ್ನ ಕೆಲಸ.
ಸುತ್ತಿಗೆಯ ಒಂದೊಂದು ಏಟೂ
ಕೋಟೆಗೋಡೆಗೆ ಹೋಗಿ ತಡವಾಗಿ ವಾಪಸು ಬರುತ್ತಿತ್ತು.
ಕಟ್ಟೆಯ ಮುದುಕಿ ಕೈ ಹಣೆಗಿಟ್ಟು ಕೇಳಿದಳು:
"ಏನ ಒಡ್ಯಾಕ ಹತ್ಯಾರ?"

ಸಂಜೆಗೆ ಲಾಳೇಸಾಬರ ಕಟ್ಟಿಗೆ ಅಡ್ಡೆ.
ತೊಲೆಗೆ ಸರಪಳಿಯಲ್ಲಿ ತೂಗುಬಿಟ್ಟ ತಕ್ಕಡಿ,
ಒಂದು ಹಲಗೆಯಲ್ಲಿ ಜಾಲಿ ತುಂಡು,
ಇನ್ನೊಂದರಲ್ಲಿ
ಗುಂಡಗೆ, ಕರ್ರಗೆ, ಒಂದು ಮಗ್ಗುಲು ಚಕ್ಕೆ ಎದ್ದದ್ದು.
ಕಲ್ಲು. ಕಾನೂನಿನಲ್ಲಿ ಕಲ್ಲಿಗೆ ಜಾಗವಿಲ್ಲ.
"ನಮ್ಮಜ್ಜಗ ಖಂದಕದ ಹೂಳಿನ್ಯಾಗ ಸಿಕ್ಕಿದ್ದರಿ. ಫಿರಂಗಿ ಗುಂಡು.
ಆವಾಗಿಂದ ಇದs ನಮ್ಮ ಮಣ."
ಮಣವೆಂದರೆ ಅವರ ಲೆಕ್ಕದಲ್ಲಿ ಹನ್ನೆರಡು ಕಿಲೋ.

ಎತ್ತುವಾಗ ಹೊಟ್ಟೆಗೆ ಒತ್ತಿಕೊಂಡಿದ್ದೆ,
ಯಾರದೋ ಹೊಟ್ಟೆಯನ್ನು ಹುಡುಕಿಕೊಂಡು ಹೊರಟಿದ್ದ ಕಲ್ಲನ್ನು.
ಹನ್ನೊಂದು ಕಿಲೋ ಮುನ್ನೂರ ನಲವತ್ತು.
ಇನ್ನೊಮ್ಮೆ ತೂಗಿದೆ. ಅಷ್ಟೇ.

"ಗೊತ್ತದರಿ," ಎಂದರು ಲಾಳೇಸಾಬ್, ಬೀಡಿ ಕಿವಿಗೆ ಸಿಕ್ಕಿಸುತ್ತ,
"ಅದಕ್ಕs ತೂಗಿದ ಮ್ಯಾಲ ಒಂದ ತುಂಡು ಬ್ಯಾರೆ ಹಾಕತೀವಿ.
ಅಜ್ಜ ಹಾಕತಿದ್ದ, ಅಪ್ಪ ಹಾಕತಿದ್ದ.
ಕಲ್ಲಿಂದು ಬಾಕಿ ಅದ, ನಾವs ತೀರಸಬೇಕಲ್ರಿ."

ಆ ಚಕ್ಕೆ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.
ಬುರುಜಿನೊಳಗಿರಬಹುದು, ಈಚಲ ಮೆಳೆಯ ಬುಡದಲ್ಲಿರಬಹುದು,
ಅದರ ದಾರಿಯಲ್ಲಿ ಒಬ್ಬ
ಕುದುರೆಯ ಲಾಳ ನೋಡುತ್ತ ಬಗ್ಗಿ ನಿಂತಿದ್ದನೋ ಏನೋ.
ಅಂಥ ತೂಕಕ್ಕೆ ನನ್ನ ಪೆಟ್ಟಿಗೆಯಲ್ಲಿ ಗುಳಿ ಕೊರೆದಿಲ್ಲ.

ನೋಟೀಸು ಬರೆದೆ: ಹದಿನೈದು ದಿನದೊಳಗೆ ಕಬ್ಬಿಣದ ತೂಕ ತರತಕ್ಕದ್ದು.
'ವಶಪಡಿಸಿಕೊಂಡ ವಸ್ತು' ಎಂಬಲ್ಲಿ
ಪೆನ್ನು ನಿಂತು, ಒಂದು ಚುಕ್ಕಿ ಮಸಿ ಬಿಟ್ಟು,
ಮುಂದಿನ ಸಾಲಿಗೆ ಹೋಯಿತು.

ಕೊನೆಯ ಬಸ್ಸು ಅಡ್ಡೆಯ ಎದುರಿಗೇ ನಿಲ್ಲುತ್ತದೆ.
ಹತ್ತುವ ಮೊದಲು ತಿರುಗಿ ನೋಡಿದೆ,
ಖಾನಾವಳಿಯ ಹುಡುಗ ಒಂದು ಮಣ ಕಟ್ಟಿಗೆಗೆ ಬಂದಿದ್ದ.
ತೂಗಿಯಾಗಿತ್ತು, ಹೊರೆ ಕಟ್ಟಿಯಾಗಿತ್ತು,
ದುಡ್ಡೂ ಕೊಟ್ಟಾಗಿತ್ತು.
ಅವನಿನ್ನೂ ಕೈ ಚಾಚಿ ನಿಂತೇ ಇದ್ದ.