ಹೆಬ್ಬೆರಳು ಬೇಡ

ಸಂಜೆ ನಾಲ್ಕೂವರೆಗೆ ಸಭಾಂಗಣದ ಬೀಗ ತೆಗೆಯುತ್ತಾರೆ.
ಡೆಸ್ಕುಗಳನ್ನು ಗೋಡೆಗೆ ನೂಕಿ
ಎನ್‌ಸಿಸಿ ಕೋಣೆಯಿಂದ ನೀಲಿ ಚಾಪೆ ಎಳೆದು ಹಾಸಿದರೆ
ಮೊದಲು ಹೋದ ಮಳೆಗಾಲದ ಮುಗ್ಗಲು ಏಳುತ್ತದೆ,
ಆಮೇಲೆ ನಾವು.

ನಾವು ಅಂದರೆ ಹದಿನೆಂಟು ಹುಡುಗಿಯರು, ಆರು ಹುಡುಗರು
ಮತ್ತು ಕಾಮರ್ಸ್ ವಿಭಾಗದ ನಾನು,
ವಯಸ್ಸು ನಲವತ್ತೇಳು, ಬಿಪಿ ಮಾತ್ರೆ ದಿನಕ್ಕೊಂದು,
ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ.
‘ನಡೆಯಿರಿ ಸಾಕು’ ಅಂದಿದ್ದರು ಡಾಕ್ಟರು.
ನಡೆದೆ. ಕಡಲ ದಂಡೆಯಲ್ಲಿ ಹದಿನೈದು ದಿನ.
ಎದುರು ಸಿಕ್ಕವರೆಲ್ಲ ನಿಂತು ಮಗಳ ಮದುವೆ ಯಾವಾಗ ಎಂದರು.
ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಲು ಉಸಿರೇ ಇರುವುದಿಲ್ಲ.

ಸಿಲ್ವೆಸ್ಟರ್ ಸರ್ ಹಗಲೆಲ್ಲ ಬೈತಖೋಲದ ಐಸ್ ಕಾರ್ಖಾನೆಯಲ್ಲಿ
ಲೆಕ್ಕ ಬರೆದು ಬರುತ್ತಾರೆ.
ಸೊಂಟದ ಕಪ್ಪು ಪಟ್ಟಿ ಅಂಚಿನಲ್ಲಿ ನೂಲು ಬಿಟ್ಟು ಬೆಳ್ಳಗಾಗಿದೆ.
ಮೊದಲು ಹಗ್ಗ, ಇನ್ನೂರು ಸಲ. ಆಮೇಲೆ ನಿಂತಲ್ಲೇ ಓಟ.
ಮೊಣಕಾಲು ಸೊಂಟದ ತನಕ ಬರಬೇಕು.
ನನ್ನದು ಬರುವುದಿಲ್ಲ, ಬಂದಂತೆ ಮಾಡುತ್ತದೆ,
ಆಡಿಟ್ಟಿಗೆ ಮುಂಚಿನ ಖಾತೆಯ ಹಾಗೆ.
ಕಾರವಾರದ ಬೆವರು ಆರುವ ಬೆವರಲ್ಲ;
ಕೂತೇ ಇರುತ್ತದೆ, ಬಸ್ಸು ತಪ್ಪಿಸಿಕೊಂಡ ನೆಂಟನ ಹಾಗೆ.

‘ನಾಡಿ ಹಿಡಿಯಿರಿ’ ಅನ್ನುತ್ತಾರೆ ಸರ್, ಗಡಿಯಾರ ನೋಡುತ್ತ.
‘ಹೆಬ್ಬೆರಳು ಬೇಡ. ಹೆಬ್ಬೆರಳಿಗೆ ಅದರದ್ದೇ ನಾಡಿ ಇರುತ್ತದೆ,
ಬೇರೆಯವರದ್ದು ಅಂತ ನಿಮ್ಮದನ್ನೇ ಎಣಿಸುತ್ತೀರಿ.’

ನನ್ನ ಮಣಿಕಟ್ಟು ಪ್ರಣಾಲಿ ತಾಂಡೇಲಳ ಪಾಲಿಗೆ.
ಎರಡನೇ ವರ್ಷದ ಬಿ.ಕಾಂ., ರೋಲ್ ನಂಬರ್ ನಲವತ್ತೊಂದು.
ಹಾಜರಿ ಕರೆದರೆ ಅವಳ ‘ಎಸ್ ಮೇಡಂ’
ಒಂದು ಡೆಸ್ಕು ದಾಟುವಷ್ಟರಲ್ಲಿ ಮುಗಿದಿರುತ್ತದೆ.
ಜುಲೈಯಲ್ಲಿ ನಾಲ್ಕು ದಿನ ಗೈರು ಹಾಕಿದ್ದೆ, ಎದುರಿಗೇ ಕೂತವಳಿಗೆ.
ತಿದ್ದಿಸಿಕೊಳ್ಳಲೂ ಬರಲಿಲ್ಲ.
ಯಾರೋ ಗೆಳತಿ ಬಂದು ಹೇಳಿದ್ದು.

ಗುದ್ದು ಕಲಿತಳು. ಒದೆ ಕಲಿತಳು.
ಕಾಲು ನೆಲ ಕಚ್ಚಿ ನಿಲ್ಲುತ್ತದೆ,
ಅಲೆಗೆ ಎದುರಾಗಿ ದೋಣಿ ತಳ್ಳಿದವರ ಮನೆಯ ಕಾಲು.
ಕೂಗು ಮಾತ್ರ ಇಲ್ಲ.
‘ಗಂಟಲಿಂದಲ್ಲ, ಹೊಟ್ಟೆಯಿಂದ ಬರಬೇಕು’ ಅಂದರು ಸರ್.
‘ಕಿಯಾಯ್! ಎಲ್ಲಿ, ಹೇಳು.’
ಬಾಯಿ ತೆರೆದಳು. ಫ್ಯಾನಿನ ಸದ್ದು ಕೇಳಿಸಿತು.
ಮಂಗಳವಾರ ಇಲ್ಲ. ಗುರುವಾರ ಇಲ್ಲ.
ಶನಿವಾರ ಸರ್ ಪ್ಯಾಡು ಎದೆಗೊತ್ತಿಕೊಂಡು ಹತ್ತಿರ ನಿಂತರು.
‘ಮನೆಯಲ್ಲಿ ಯಾರ ದನಿ ದೊಡ್ಡದು?’
ಆಯಿಯದು, ಅಂದಳು ನೆಲಕ್ಕೆ.
‘ಏನಂತ ಕೂಗುತ್ತಾಳೆ?’

ಹೇಳಲಿಲ್ಲ.
ಒಂದು ಹೆಜ್ಜೆ ಹಿಂದೆ ಸರಿದಳು, ಸೊಂಟ ತಿರುಗಿತು,
ಮುಷ್ಟಿ ಪ್ಯಾಡಿಗೆ ಬಿತ್ತು, ಜೊತೆಗೇ

ಬಂಗ್‌ಡ್ಯಾ—ಯ್!

ಅಟೆಂಡರ್ ಗುನಗಿಯವರು ಪೊರಕೆ ಹಿಡಿದೇ ಓಡಿ ಬಂದರು.
ಮೀನು ಮಾರ್ಕೆಟ್ಟಿನ ಮೂರನೇ ಕಟ್ಟೆಯಲ್ಲಿ
ಅದೇ ಕೂಗಿಗೆ ಎಷ್ಟು ಸಲ ಚೀಲ ಬಿಡಿಸಿ ನಿಂತಿಲ್ಲ ನಾನು,
ಹತ್ತು ರೂಪಾಯಿಗೆ ಚೌಕಾಸಿ ಮಾಡಿಲ್ಲ,
ಬಂಗಡೆಯ ಕಣ್ಣು ನೋಡಿ, ಕಿವಿರು ನೋಡಿ,
ಮುಖ ನೋಡದೆ ಬಂದಿಲ್ಲ.

ಹುಡುಗರು ನಕ್ಕರು.
‘ನಕ್ಕವರು ಇಪ್ಪತ್ತು ದಂಡ’ ಅಂದರು ಸರ್, ಪಕ್ಕೆ ನೀವಿಕೊಳ್ಳುತ್ತ.
‘ಕೂಗು ಸರಿ ಇದೆ. ಮುಷ್ಟಿ ಒಂದಿಂಚು ಕೆಳಗೆ.’

ಸೋಮವಾರ ಹಾಜರಿ. ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು.
ಅದೇ ಹಳೆಯ, ಸಣ್ಣ, ‘ಎಸ್ ಮೇಡಂ’.
ಅವಳಲ್ಲೇನೂ ಬದಲಾಗಿಲ್ಲ.
ನಾನು ಪೆನ್ನು ಊರುವ ಮುಂಚೆ ತಲೆಯೆತ್ತುತ್ತೇನೆ, ಅಷ್ಟೆ.

ಸಂಜೆ ಅವಳ ಎರಡು ಬೆರಳು ನನ್ನ ಮಣಿಕಟ್ಟಿನ ಮೇಲೆ.
ಮೀನಿನ ವಾಸನೆ ಹೋಗಲೆಂದು ತಿಕ್ಕಿದ ನಿಂಬೆಯ ವಾಸನೆ.
ತುಟಿ ಎಣಿಸುತ್ತದೆ. ಹದಿನೈದು ಸೆಕೆಂಡು.
‘ಮೂವತ್ತಾರು.’
ನಾಲ್ಕರಿಂದ ಗುಣಿಸಿ ಸುಮ್ಮನಾಗುತ್ತೇನೆ.
‘ಜಾಸ್ತಿಯಾಯ್ತಾ ಮೇಡಂ? ಕೂರ್ತೀರಾ?’
ಇಲ್ಲ, ನಿನ್ನ ಕೈ ಕೊಡು, ಈಗ ನನ್ನ ಸರದಿ,
ಅನ್ನುತ್ತ ಹೆಬ್ಬೆರಳನ್ನು ಒಳಗೆ ಮಡಚಿಕೊಳ್ಳುತ್ತೇನೆ.